ಮೊಣಕಾಲುದ್ದ ಸಮುದ್ರದಲ್ಲಿ ಫ್ಲೈ ಗಾಳ: ಮಲೆನಾಡಿನಿಂದ ರಜೆಗೆ ಹೊರಟವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೊದಲ ಸಲ ಮಾಲ್ಡೀವ್ಸ್‌ಗೆ ಹೋದಾಗ ಮೂರು ದಿನದಲ್ಲಿ ಏಳು ಮೀನು ನನ್ನ ಗಾಳ ಕಚ್ಚಿದವು. ಏಳೂ ತಪ್ಪಿಸಿಕೊಂಡವು, ಏಳಕ್ಕೂ ಕಾರಣ ಒಂದೇ. ತೀರ್ಥಹಳ್ಳಿ ಕಡೆ ಬೆಳೆದವರು ಗಾಳ ಎಳೆಯುವುದು ಹೇಗೆ ಅಂತ ಗೊತ್ತಲ್ಲ, ಬೆಂಡು ಮುಳುಗಿದ್ದೇ ತಡ, ವಾಟೆ ಕೋಲನ್ನು ತಲೆ ಮೇಲಕ್ಕೆ ಎತ್ತಿ ಒಂದು ಜರ್ಕು, ಮೀನು ಹಿಂದಿನ ಪೊದೆಯಲ್ಲಿ ಬಿದ್ದು ಒದ್ದಾಡುತ್ತಿರುತ್ತದೆ. ಏಳನೇ ವಯಸ್ಸಿನಲ್ಲಿ ಕಲಿತದ್ದು ಕೈಗೆ ಅಂಟಿಬಿಟ್ಟಿದೆ. ಸಮುದ್ರದ ತೆಳು ನೀರಲ್ಲಿ ಅದೇ ಜರ್ಕು ಕೊಟ್ಟರೆ ಗಾಳ ಮೀನಿನ ಬಾಯಿಂದ ಜಾರಿ ಗಾಳಿಯಲ್ಲಿ ಹಾರಿ ಬರುತ್ತದೆ. ಮೀನು ಅಲ್ಲೇ ಒಂದು ಕ್ಷಣ ಪೆಚ್ಚಾಗಿ ನಿಂತು, ಆಮೇಲೆ ಬಾಣದ ಹಾಗೆ ಹೋಗಿಬಿಡುತ್ತದೆ. ಜೊತೆಗಿದ್ದ ಗೈಡ್ ಹುಡುಗ ಮೂರನೇ ದಿನ ಮಾತಾಡುವುದನ್ನೇ ಬಿಟ್ಟಿದ್ದ, ಸುಮ್ನೆ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ.

ಆಮೇಲೆ ಎರಡು ಸಲ ಹೋಗಿ ಬಂದೆ, ಮೀನೂ ಸಿಕ್ಕಿದವು. ಹೆಂಡತಿ ಮಕ್ಕಳ ಜೊತೆ ಸಮುದ್ರದ ದ್ವೀಪಕ್ಕೆ ರಜೆಗೆ ಹೊರಟು, ಅದರಲ್ಲಿ ಎರಡು ಮೂರು ಬೆಳಗಿನ ಹೊತ್ತು ಮಾತ್ರ ಗಾಳಕ್ಕೆ ಸಿಗುವ ನನ್ನಂಥವರಿಗೆ ಇದನ್ನು ಬರೆದಿದ್ದೇನೆ.

ಫ್ಲ್ಯಾಟ್ ಅಂದರೇನು

ಬೆಂಗಳೂರಿನ ಫ್ಲ್ಯಾಟ್ ಅಲ್ಲ ಮಾರಾಯ್ರೇ. ಹವಳದ ದ್ವೀಪದ ಸುತ್ತ ಬಿಳಿ ಮರಳು, ಅಲ್ಲಲ್ಲಿ ಹುಲ್ಲು, ಸಮತಟ್ಟಾದ ತಳ, ಪಾದ ಮುಳುಗುವಷ್ಟರಿಂದ ತೊಡೆ ಮುಟ್ಟುವಷ್ಟು ನೀರು. ನಾಟಿಗೆ ಹದ ಮಾಡಿದ ದೊಡ್ಡ ಗದ್ದೆಗೆ ತಿಳಿನೀರು ಬಿಟ್ಟ ಹಾಗೆ ಅಂದುಕೊಳ್ಳಿ. ಉಬ್ಬರ ಬಂದಾಗ ಆಳದ ಮೀನು ಈ ಗದ್ದೆಗೆ ಮೇಯಲು ಹತ್ತುತ್ತವೆ. ಮರಳಲ್ಲಿ ಹುದುಗಿದ ಸೀಗಡಿ, ಏಡಿ, ಹುಳ ಇವುಗಳ ಊಟ. ಇಳಿತ ಶುರುವಾದರೆ ವಾಪಸ್ ಆಳಕ್ಕೆ. ಮೊದಲ ಮಳೆಗೆ ಹತ್ತುಮೀನು ಗದ್ದೆಗೆ ಏರುವುದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಆಗುವುದು ಅಲ್ಲಿ ದಿನಕ್ಕೆ ಎರಡು ಸಲ ನಡೆಯುತ್ತದೆ.

ಇಲ್ಲಿ ಬೆಂಡು ಬಿಟ್ಟು ಕಾಯುವುದಿಲ್ಲ. ನೀರಲ್ಲಿ ಮೆಲ್ಲಗೆ ನಡೆಯುತ್ತಾ ಮೀನನ್ನು ಕಣ್ಣಲ್ಲಿ ಹುಡುಕಬೇಕು, ಕಂಡ ಮೀನಿನ ಮುಂದೆ ಫ್ಲೈ ಎಸೆಯಬೇಕು. ಕಾಣಲಿಲ್ಲವೋ, ಎಸೆಯುವ ಹಾಗೇ ಇಲ್ಲ. ಗಾಳಕ್ಕಿಂತ ಇದು ರಾತ್ರಿ ಬ್ಯಾಟರಿ ಹಿಡಿದು ಮಾಡುವ ಏಡಿ ಶಿಕಾರಿಗೆ ಹತ್ತಿರ.

ಫ್ಲೈ ಅಂದರೆ ನೊಣ ಅನ್ನುವುದು ಹೆಸರಿಗೆ ಮಾತ್ರ. ಉಪ್ಪುನೀರಿನ ಫ್ಲೈ ಅಂದರೆ ಒಂದು ಗಾಳಕ್ಕೆ ನಾರು, ಗರಿ, ಮಿಂಚುದಾರ ಸುತ್ತಿ ಸೀಗಡಿಯದ್ದೋ ಏಡಿಯದ್ದೋ ವೇಷ ಹಾಕಿಸಿದ್ದು. ದೂರ ಎಸೆಯಲು ಸಾಕಾಗುವಷ್ಟು ತೂಕ ಅದಕ್ಕೆ ಇಲ್ಲ. ಆದ್ದರಿಂದ ಎಸೆಯುವುದು ಫ್ಲೈಯನ್ನಲ್ಲ, ದಪ್ಪ ಲೈನನ್ನು. ಲೈನಿನ ತೂಕವೇ ಗಾಳಿಯಲ್ಲಿ ಬಿಚ್ಚಿಕೊಂಡು ಹೋಗಿ ಫ್ಲೈಯನ್ನು ಹೊತ್ತೊಯ್ಯುತ್ತದೆ. ಇದೊಂದು ತಲೆಗೆ ಹೋದರೆ ಎಸೆತ ಅರ್ಧ ಬಂದ ಹಾಗೆ.

ಯಾವ ಮೀನು

ಮುಖ್ಯವಾಗಿ ಬೋನ್‌ಫಿಶ್. ಬೆಳ್ಳಿ ಬಣ್ಣ, ಉದ್ದ ಮೂತಿ, ಮೂತಿಯ ಕೆಳಗೆ ಬಾಯಿ, ಮೈತುಂಬ ಕನ್ನಡಿಯಂಥ ಹುರುಪೆ. ಸುತ್ತಲಿನ ಮರಳನ್ನೇ ಪ್ರತಿಬಿಂಬಿಸುವುದರಿಂದ ಎದುರಿಗೇ ಇದ್ದರೂ ಕಾಣುವುದಿಲ್ಲ. ಹೆಸರೇ ಹೇಳುವ ಹಾಗೆ ಮುಳ್ಳೋ ಮುಳ್ಳು, ಸಾರಿಗೆ ಆಸೆಪಡಬೇಡಿ, ಹಿಡಿದು ಬಿಡುವ ಮೀನು ಇದು. ಎರಡು ಕೆಜಿಯ ಬೋನ್‌ಫಿಶ್ ಒಂದೇ ಓಟಕ್ಕೆ ನೂರು ಮೀಟರ್ ದಾರ ಎಳೆದುಕೊಂಡು ಹೋಗಬಲ್ಲದು.

ಇದರ ಜೊತೆ ನೀಲಿ ರೆಕ್ಕೆಯ ಟ್ರೆವಲ್ಲಿ, ಹವಳದ ಅಂಚಿನಲ್ಲಿ ಬಾಲ ಮೇಲೆತ್ತಿ ಮೇಯುವ ಟ್ರಿಗರ್ ಮೀನು, ಅದೃಷ್ಟ ಇದ್ದರೆ ಪರ್ಮಿಟ್ ಅನ್ನುವ ಇನ್ನೊಂದು ಮೀನು. ಜೈಂಟ್ ಟ್ರೆವಲ್ಲಿ ಅಂತ ಒಬ್ಬ ರೌಡಿ ಇದ್ದಾನೆ, ಅವನಿಗೆ 12 ನಂಬರಿನ ರಾಡ್ (ನಂಬರ್ ಹೆಚ್ಚಿದಷ್ಟೂ ಭಾರದ ಲೈನು ಎಸೆಯುವ ಕೋಲು), ಬೇರೆ ಲೈನು, ಬೇರೆ ಗುಂಡಿಗೆ ಬೇಕು. ಮೊದಲ ಸಲಕ್ಕೆ ಅವನ ಸಹವಾಸ ಬೇಡ.

ಯಾವಾಗ ಹೋಗಬೇಕು: ಗೋಡೆಯ ಕ್ಯಾಲೆಂಡರ್ ನೋಡಿ

ಪ್ರಪಂಚದಲ್ಲಿ ಇದಕ್ಕೆ ಹೆಸರಾದ ಜಾಗ ಬಹಾಮಾಸ್, ಸೀಶೆಲ್ಸ್, ಪೆಸಿಫಿಕ್‌ನ ಕ್ರಿಸ್‌ಮಸ್ ದ್ವೀಪ. ಸೀಶೆಲ್ಸ್‌ನ ಆಲ್ಫೋನ್ಸ್, ಫಾರ್ಕ್ವಾರ್ ಅಂದರೆ ಒಂದು ವರ್ಷದ ಅಡಿಕೆ ದುಡ್ಡು ಅಲ್ಲೇ ಇಟ್ಟು ಬರಬೇಕಾಗಬಹುದು. ನಮಗೆ ಮಾಲ್ಡೀವ್ಸ್ ಹತ್ತಿರ. ಬೆಂಗಳೂರಿಂದ ಸುಮಾರು ಎರಡು ಗಂಟೆಯ ವಿಮಾನ, ಭಾರತೀಯರಿಗೆ ಇಳಿದ ಮೇಲೆ ವೀಸಾ ಸಿಗುತ್ತದೆ. ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಹೋಗುವುದಕ್ಕೇ ಅದರ ಮೂರು ಪಟ್ಟು ಹೊತ್ತು ಬೇಕು, ಆ ಮಾತು ಬೇರೆ. ಲಕ್ಷದ್ವೀಪ ಕೂಡ ಹವಳದ ದ್ವೀಪವೇ, ಆದರೆ ಅಲ್ಲಿ ಕಾಲಿಡಲು ಪರ್ಮಿಟ್ ಬೇಕು, ಗಾಳ ಹಾಕಬಹುದಾ ಅಂತ ಮೊದಲೇ ಕೇಳಿಕೊಂಡು ಹೋಗಿ.

ಮಾಲ್ಡೀವ್ಸ್‌ನಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ, ಆಕಾಶ ತಿಳಿ. ಮೇ ಬಂತೆಂದರೆ ನೈಋತ್ಯ ಮಾನ್ಸೂನ್, ಮೋಡ ಕವಿದರೆ ನೀರೊಳಗೆ ಏನೂ ಕಾಣದು. ಅಡಿಕೆ ಸುಗ್ಗಿ ಇರುವವರಿಗೆ ಜನವರಿಯವರೆಗೆ ತಲೆ ಎತ್ತಲು ಆಗುವುದಿಲ್ಲ, ಮಕ್ಕಳ ಪರೀಕ್ಷೆ ಮುಗಿಯುವುದು ಮಾರ್ಚ್ ಕೊನೆಗೆ. ಹಾಗಾಗಿ ನಾವು ಏಪ್ರಿಲ್ ಮೊದಲ ವಾರ ಹೊರಡುತ್ತೇವೆ.

ಈಗ ಪಂಚಾಂಗ. ಇದು ನಮ್ಮ ಮನೆಯ ಅಮ್ಮನಿಂದ ಹೊಳೆದದ್ದು. ನಾನು ಮೊಬೈಲಿನಲ್ಲಿ ಉಬ್ಬರ ಇಳಿತದ ಪಟ್ಟಿ ಹುಡುಕುತ್ತಾ ಕೂತಿದ್ದೆ, ಅಮ್ಮ ಅಡುಗೆಮನೆಯಿಂದಲೇ, "ಹುಣ್ಣಿಮೆ ಯಾವತ್ತು ಅಂತ ನೋಡಿದ್ರೆ ಸಾಕಲ್ವನಾ, ಅದಕ್ಕೆ ಅಷ್ಟು ತಿಕ್ಕಬೇಕಾ?" ಅಂದರು. ಸರಿಯೇ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿನಲ್ಲಿ ಇರುವುದರಿಂದ ಉಬ್ಬರ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸಣ್ಣದು. ದೊಡ್ಡ ಉಬ್ಬರದ ದಿನ ಹೊಸ ನೀರು ಜೋರಾಗಿ ಏರುತ್ತದೆ, ಮೀನೂ ಧೈರ್ಯವಾಗಿ ಮೇಲೆ ಬರುತ್ತದೆ. ಆದರೆ ನೀರು ಬೇಗ ಆಳವಾಗಿ ಬಿಡುತ್ತದೆ, ನಡೆಯಲು ಸಿಗುವ ಹೊತ್ತು ಕಡಿಮೆ. ನನ್ನ ಲೆಕ್ಕದಲ್ಲಿ ಹುಣ್ಣಿಮೆ ಕಳೆದು ಎರಡನೇ ದಿನದಿಂದ ಐದನೇ ದಿನದವರೆಗೆ ಒಳ್ಳೆಯದು.

ಒಂದು ಏರು, ಒಂದು ಇಳಿಗೆ ಸುಮಾರು ಆರಾರು ಗಂಟೆ. ದಿನದಿಂದ ದಿನಕ್ಕೆ ಈ ಸಮಯ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಬೆಳಗ್ಗೆ 8ಕ್ಕೆ ನೀರು ಏರಲು ಶುರುವಾದರೆ ನಾಳೆ ಹತ್ತಿರ ಹತ್ತಿರ 9ಕ್ಕೆ. ಬಿಸಿಲು ಸುಮಾರು 9ರಿಂದ 3ರವರೆಗೆ ಮೇಲಿನಿಂದ ಬೀಳುತ್ತದೆ, ಕಣ್ಣಿಗೆ ಮೀನು ಕಾಣುವುದು ಆಗಲೇ. ನೀರು ಏರುವ ಮೊದಲ ಎರಡು ಮೂರು ಗಂಟೆ ಈ ಬಿಸಿಲಿನ ಒಳಗೆ ಬೀಳುವ ದಿನ ಯಾವುದು ಅಂತ ಲೆಕ್ಕ ಹಾಕಿ ಟಿಕೆಟ್ ಮಾಡಿಸಿ. ಮನೆಯವರಿಗೆ, "ಈ ಎರಡು ಬೆಳಗ್ಗೆ ಮಾತ್ರ ನನ್ನದು, ಉಳಿದದ್ದೆಲ್ಲ ನಿಮ್ಮದು" ಅಂತ ಹೊರಡುವ ಮೊದಲೇ ಹೇಳಿಬಿಡಿ. ಅಲ್ಲಿಗೆ ಹೋಗಿ ಹೇಳಿದರೆ ನಡೆಯುವುದಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ.

ರೂಮು ಬುಕ್ ಮಾಡುವಾಗಲೇ ಒಂದು ಪ್ರಶ್ನೆ ಕೇಳಿ: ದಡದಿಂದ ಗಾಳ ಹಾಕಬಹುದಾ? ಎಷ್ಟೋ ರೆಸಾರ್ಟ್‌ಗಳು ತಮ್ಮ ಸುತ್ತಲಿನ ಹವಳದ ದಂಡೆಯಲ್ಲಿ ಗಾಳ ಬಿಡುವುದಿಲ್ಲ. ಊರಿನವರು ವಾಸ ಇರುವ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ಹಿಡಿದರೆ ಖರ್ಚೂ ಕಡಿಮೆ, ಮೀನುಗಾರಿಕೆ ಗೊತ್ತಿರುವವರೂ ಸಿಗುತ್ತಾರೆ. ಅಲ್ಲಿ ಮದ್ಯ ಇಲ್ಲ, ಬಟ್ಟೆ ಮೈತುಂಬ ಇರಬೇಕು, ಶುಕ್ರವಾರ ಮಧ್ಯಾಹ್ನ ಎಲ್ಲ ಮುಚ್ಚಿರುತ್ತದೆ. ಶಾರ್ಕ್ ಹಿಡಿಯುವುದನ್ನು ಅಲ್ಲಿ 2010ರಲ್ಲಿ ನಿಷೇಧಿಸಿದರು, ಅದರ ತಂಟೆಗೂ ಆಮೆ, ತೊರಕೆ (ಸ್ಟಿಂಗ್‌ರೇ) ತಂಟೆಗೂ ಹೋಗಬಾರದು. ಅವರ ದೋಣಿಗೆ ಹೆಸರು ಧೋನಿ. ಮೊದಲ ದಿನ ಕೇಳಿ ನನಗೆ ಊರಿನವರೇ ಸಿಕ್ಕ ಹಾಗಾಯಿತು.

ಸಾಮಾನು

ರಾಡ್: 9 ಅಡಿ, 8 ನಂಬರ್, ನಾಲ್ಕು ತುಂಡಾಗಿ ಬಿಚ್ಚುವಂಥದ್ದು. ಗಾಳಿ ಜಾಸ್ತಿ ಅಂದರೆ 9 ನಂಬರ್. ಒಂದೇ ರಾಡ್ ತೆಗೆದುಕೊಳ್ಳುವುದಾದರೆ 8 ಸಾಕು.

ರೀಲು: ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ. ಬ್ರೇಕಿನ ಭಾಗಕ್ಕೆ ಉಪ್ಪುನೀರು ನುಗ್ಗದ ಹಾಗೆ ಸೀಲ್ ಆಗಿರಬೇಕು. ಒಳಗೆ 150ರಿಂದ 200 ಮೀಟರ್ ಬ್ಯಾಕಿಂಗ್ ದಾರ (ಲೈನಿನ ಹಿಂದೆ ಕಟ್ಟಿ ರೀಲಿಗೆ ಸುತ್ತುವ ತೆಳು ದಾರ) ಹಿಡಿಸಬೇಕು. ಬ್ರೇಕ್ ಎಷ್ಟು ಬಿಗಿ ಇಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ಇರುತ್ತದಲ್ಲ, ದಾರದ ತುದಿ ಅದಕ್ಕೆ ಕಟ್ಟಿ ಎಳೆಯಿರಿ, ಒಂದರಿಂದ ಒಂದೂವರೆ ಕೆಜಿ ತೋರಿಸುವಾಗ ರೀಲು ದಾರ ಬಿಡಲು ಶುರು ಮಾಡಬೇಕು. ಅದಕ್ಕಿಂತ ಬಿಗಿ ಮಾಡಿದರೆ ಮೊದಲ ಓಟಕ್ಕೇ ದಾರ ತುಂಡು.

ಲೈನು: ತೇಲುವ ಲೈನು, ಉಷ್ಣವಲಯಕ್ಕೆ ಅಂತಲೇ ಮಾಡಿದ್ದು. ತಣ್ಣೀರಿಗೆ ಮಾಡಿದ ಲೈನು ಅಲ್ಲಿನ ಬಿಸಿಲಿಗೆ ಬೆಂದ ಶಾವಿಗೆ ಹಾಗೆ ಮೆತ್ತಗಾಗಿ ರಾಡಿನ ಉಂಗುರಗಳಿಗೆ ಅಂಟುತ್ತದೆ. ಇದರ ಉಲ್ಟಾ ಕೂಡ ನಿಜ. ಬಿಸಿಲಿನ ಲೈನನ್ನು ನಮ್ಮ ಜನವರಿಯ ಬೆಳಗಿನ ಚಳಿಯಲ್ಲಿ ಬಿಚ್ಚಿದರೆ ತಂತಿ ಹಾಗೆ ಸುರುಳಿ ಸುರುಳಿ. ಲೈನು ಕೆಟ್ಟಿದೆ ಅಂತ ನಾನು ಮಾರಿದವನ ಹತ್ತಿರ ಫೋನಿನಲ್ಲಿ ಜಗಳ ಆಡಿದ್ದೇನೆ, ಆಮೇಲೆ ಮಧ್ಯಾಹ್ನದ ಬಿಸಿಲಿಗೆ ಅದೇ ಲೈನು ನೆಟ್ಟಗೆ ಓಡಿತು.

ಲೈನಿನ ತುದಿಗೆ 9ರಿಂದ 12 ಅಡಿಯ ಲೀಡರ್, ಅಂದರೆ ಲೈನಿಗೂ ಫ್ಲೈಗೂ ನಡುವಿನ ತೆಳು ದಾರ, ಕೊನೆಯ ಭಾಗ 12ರಿಂದ 16 ಪೌಂಡ್ ಎಳೆತ ತಡೆಯುವ ಫ್ಲೂರೋಕಾರ್ಬನ್ ದಾರ. ಹವಳ ಜಾಸ್ತಿ ಇದ್ದಲ್ಲಿ 16. ಫ್ಲೈ ಕಟ್ಟಲು ಜಾರದ ಕುಣಿಕೆ ಗಂಟು ಕಲಿಯಿರಿ, ಕುಣಿಕೆಯಲ್ಲಿ ಫ್ಲೈ ಜೀವಂತವಾಗಿ ಓಲಾಡುತ್ತದೆ. ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ, ಒಣ ಗಂಟು ಬಿಗಿದರೆ ಶಾಖಕ್ಕೆ ದಾರ ಸೊರಗುತ್ತದೆ. ಜುಲೈ ತಿಂಗಳಲ್ಲಿ ಕರೆಂಟು ಹೋಗಿ ಕೂತಿರುವ ಸಂಜೆಗಳು ಗಂಟು ಕಲಿಯಲು ಪ್ರಶಸ್ತ.

ಫ್ಲೈಗಳಲ್ಲಿ ಮೂರು ಹೆಸರು ನೆನಪಿಟ್ಟುಕೊಳ್ಳಿ: ಕ್ರೇಜಿ ಚಾರ್ಲಿ, ಗಾಚಾ, ಕ್ಲೌಸರ್. ಮೊದಲಿನ ಎರಡು ಸೀಗಡಿಯ ವೇಷ, ಗಾಳದ ಅಳತೆ 4ರಿಂದ 8. ಕ್ಲೌಸರ್ ಸಣ್ಣ ಮೀನಿನ ವೇಷ, ಟ್ರೆವಲ್ಲಿಗೆ. ಒಂದೆರಡು ಏಡಿ ಕೂಡ ಇರಲಿ. ಬಿಳಿ ಮರಳಿಗೆ ತಿಳಿ ಬಣ್ಣ, ಹುಲ್ಲಿನ ತಳಕ್ಕೆ ಕಂದು, ಹಸಿರು. ಇವುಗಳ ಕಣ್ಣಿನಲ್ಲಿ ಒಂದು ಗುಟ್ಟಿದೆ. ಕಣ್ಣಿನ ತೂಕವನ್ನು ಗಾಳದ ಮೇಲ್ಬದಿಗೆ ಕಟ್ಟುವುದರಿಂದ ನೀರಲ್ಲಿ ಫ್ಲೈ ಮಗುಚಿಕೊಂಡು ಗಾಳದ ಮೊನೆ ಮೇಲೆ ಬರುತ್ತದೆ, ತಳದ ಹುಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ. ಪಾದ ಮುಳುಗುವ ನೀರಿಗೆ ಹಗುರ ಕಣ್ಣು, ತೊಡೆಮಟ್ಟದ ನೀರಿಗೆ ಸೀಸದ ಕಣ್ಣು. ಹಗುರ ಕಣ್ಣಿಗೆ ನಾನು ವಾಶ್‌ಬೇಸಿನ್ನಿನ ಬಿರಡೆಗೆ ಇರುವ ಮಣಿ ಸರಪಳಿಯಿಂದಲೇ ಎರಡೆರಡು ಮಣಿ ಕತ್ತರಿಸಿ ಕಟ್ಟುತ್ತೇನೆ, ಗರಿ ಬೇಕಾದರೆ ನಾಟಿ ಹುಂಜದ್ದು. ಕೆಲವು ಫ್ಲೈಗಳಿಗೆ ಜಿಂಕೆ ಕೂದಲು ಹೇಳುತ್ತಾರೆ. ಕಾಡಿನಂಚಿನಲ್ಲಿ ಇರುವ ನಾವು ಆ ಆಸೆಗೆ ಬೀಳಬಾರದು, 1972ರ ವನ್ಯಜೀವಿ ಕಾಯ್ದೆ ಇದೆ. ನೈಲಾನ್ ತುಪ್ಪಳ ಅದಕ್ಕಿಂತ ಚೆನ್ನಾಗಿ ಆಡುತ್ತದೆ.

ಎಲ್ಲಾ ಗಾಳಗಳ ಹಿಂಮುಳ್ಳನ್ನು ಇಕ್ಕಳದಿಂದ ಅಮುಕಿಬಿಡಿ. ಮೀನು ಬಿಡಿಸುವುದು ಸುಲಭ, ಗಾಳಿಗೆ ತಿರುಗಿ ಬಂದು ನಿಮ್ಮ ಕಿವಿಗೇ ಚುಚ್ಚಿದರೆ ಬಿಡಿಸುವುದೂ ಸುಲಭ.

ಇನ್ನು ನೀರಿನ ಹೊಳಪು ಕತ್ತರಿಸುವ ಪೋಲರಾಯ್ಡ್ ಕನ್ನಡಕ. ಇದಿಲ್ಲದೆ ಹೋಗಲೇಬೇಡಿ, ರಾಡ್ ಮರೆತರೂ ಬಾಡಿಗೆಗೆ ಸಿಗಬಹುದು. ಗಾಜು ತಾಮ್ರದ ಬಣ್ಣದ್ದೋ ಜೇನು ಬಣ್ಣದ್ದೋ ಇರಲಿ, ಕಪ್ಪು ಬೇಡ. ಟೋಪಿಯ ಅಂಚಿನ ಕೆಳಗಡೆ ಕಪ್ಪು ಬಟ್ಟೆ ಇದ್ದರೆ ನೀರಿನ ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ. ಗಾಳ, ಇಕ್ಕಳ, ಕತ್ತರಿ ಎಲ್ಲ ಚೆಕ್-ಇನ್ ಬ್ಯಾಗಿಗೆ. ರೀಲನ್ನು ಮಾತ್ರ ಅಂಗಿಗಳ ಮಧ್ಯೆ ಸುತ್ತಿಡಿ.

ಅಡಿಕೆ ಅಂಗಳದಲ್ಲಿ ಒಂದು ತಿಂಗಳು

ಅಲ್ಲಿ ಹೋಗಿ ಎಸೆತ ಕಲಿಯುತ್ತೇನೆ ಅಂದರೆ ರಜೆ ಪೂರ್ತಿ ಕಲಿಯುವುದರಲ್ಲೇ ಮುಗಿಯುತ್ತದೆ. ಸುಗ್ಗಿ ಮುಗಿದು ಅಂಗಳ ಖಾಲಿಯಾದ ಮೇಲೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಫ್ಲೈ ಬದಲು ಲೀಡರಿನ ತುದಿಗೆ ಒಂದು ಚೂರು ಉಣ್ಣೆ ನೂಲು ಕಟ್ಟಿ. ಹಾಳೆ ತಟ್ಟೆ ಮೂರು ಇಡಿ, ಒಂದು ಐದು ಮಾರು ದೂರದಲ್ಲಿ, ಒಂದು ಏಳು, ಒಂದು ಒಂಬತ್ತು ಮಾರು. ಅಂದರೆ ಸುಮಾರು 30, 40, 55 ಅಡಿ. ಅದಕ್ಕಿಂತ ದೂರ ಬೇಕಾಗುವುದು ಅಪರೂಪ. ನೂರಡಿ ಎಸೆಯುವವನಿಗಿಂತ, ನಲವತ್ತು ಅಡಿಯನ್ನು ಒಂದೇ ಸಲಕ್ಕೆ ತಟ್ಟೆ ಪಕ್ಕ ಇಳಿಸುವವನಿಗೆ ಮೀನು ಜಾಸ್ತಿ.

ಎಸೆತ ಹೀಗೆ. ಲೈನು ನೆಲದ ಮೇಲೆ ಮುಂದಕ್ಕೆ ನೆಟ್ಟಗೆ ಚಾಚಿರಲಿ. ರಾಡಿನ ತುದಿ ಕೆಳಗಿಟ್ಟು, ನಿಧಾನವಾಗಿ ಶುರು ಮಾಡಿ ವೇಗ ಹೆಚ್ಚಿಸುತ್ತಾ ಹಿಂದಕ್ಕೆ ಎತ್ತಿ, ಕಿವಿ ದಾಟುತ್ತಿದ್ದ ಹಾಗೆ ಗಕ್ಕನೆ ನಿಲ್ಲಿಸಿ. ಈಗ ಕಾಯಿರಿ. ಈ ಕಾಯುವುದೇ ಯಾರಿಗೂ ಬರುವುದಿಲ್ಲ. ಲೈನು ಹಿಂದೆ ಪೂರ್ತಿ ಬಿಚ್ಚಿಕೊಳ್ಳಬೇಕು. ಮೊದಮೊದಲು ತಿರುಗಿ ನೋಡಿ, ನಾಚಿಕೆ ಬೇಡ. ಬಿಚ್ಚಿಕೊಂಡ ಮೇಲೆ ಮುಂದಕ್ಕೆ, ಮತ್ತೆ ಗಕ್ಕನೆ ನಿಲ್ಲಿಸಿ. ನಿಲ್ಲಿಸಿದಲ್ಲೇ ಲೈನಿಗೆ ಶಕ್ತಿ ಹೋಗುವುದು. ಚಾವಟಿ ಹೊಡೆದ ಹಾಗೆ ಸದ್ದು ಬಂದರೆ ನೀವು ಕಾಯಲಿಲ್ಲ ಅಂತ. ಅವಸರದಲ್ಲಿ ಜೋರು ಮಾಡಿದರೆ ಲೈನು ತನ್ನನ್ನೇ ದಾಟಿ ಲೀಡರಿನಲ್ಲಿ ಗಂಟು ಬೀಳುತ್ತದೆ. ಗಾಳಿ ಗಂಟು ಅಂತಾರೆ, ಗಾಳಿ ಪಾಪ ಏನೂ ಮಾಡಿರುವುದಿಲ್ಲ. ಆ ಗಂಟು ಇದ್ದಲ್ಲಿ ದಾರದ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕಂಡರೆ ಕತ್ತರಿಸಿ ಬೇರೆ ಕಟ್ಟಿ.

ಇದು ಬಂದ ಮೇಲೆ ಎಡಗೈ ಕೆಲಸ. ರಾಡ್ ಹಿಂದೆ ಹೋಗುವಾಗ ಎಡಗೈ ಲೈನನ್ನು ಒಂದು ಗೇಣು ಕೆಳಕ್ಕೆ ಜಗ್ಗಿ ಬಿಡಬೇಕು, ಮುಂದೆ ಬರುವಾಗ ಇನ್ನೊಮ್ಮೆ. ಡಬಲ್ ಹಾಲ್ ಅಂತ ಹೆಸರು. ಸಮುದ್ರದ ಗಾಳಿಗೆ ಎದುರಾಗಿ ಎಸೆಯಲು ಇದು ಬೇಕೇ ಬೇಕು. ಒಂದು ವಾರ ಕೈಕಾಲು ಗೊಂದಲ ಆಗುತ್ತದೆ, ಎಂಟನೇ ದಿನ ತಾನಾಗಿ ಬರುತ್ತದೆ. ಗಾಳಿ ಬಲಭುಜದ ಕಡೆಯಿಂದ ಬೀಸಿದರೆ ಲೈನು ನಿಮ್ಮ ಮುಖಕ್ಕೇ ಬರುತ್ತದೆ. ಆಗ ಮೀನಿಗೆ ಬೆನ್ನು ಹಾಕಿ ನಿಂತು, ಹಿಂದಿನ ಎಸೆತದಲ್ಲೇ ಫ್ಲೈ ಇಳಿಸುವುದನ್ನು ಕಲಿಯಿರಿ.

ಗಾಳಿಯಲ್ಲಿ ಲೈನನ್ನು ಹಿಂದೆ ಮುಂದೆ ಆಡಿಸುವುದು ಎರಡೇ ಸಲ, ಮೂರನೆಯದಕ್ಕೆ ಇಳಿಸಬೇಕು. ನೋಡಲು ಚಂದ ಅಂತ ಆರು ಸಲ ಆಡಿಸಿದರೆ ಮೀನು ಅಷ್ಟರಲ್ಲಿ ಶ್ರೀಲಂಕಾ ಮುಟ್ಟಿರುತ್ತದೆ.

ಕೊನೆಗೆ ನನ್ನ ಜರ್ಕಿನ ರೋಗಕ್ಕೆ ಸಿಕ್ಕ ಮದ್ದು. ಮಗಳು ಉಣ್ಣೆ ನೂಲಿನ ತುದಿಯನ್ನು ಬೆರಳಲ್ಲಿ ಹಿಡಿದು ಅಂಗಳದ ಆ ಕಡೆ ತುಳಸಿಕಟ್ಟೆ ಮೇಲೆ ಕೂರುತ್ತಾಳೆ. ನಾನು ರಾಡಿನ ತುದಿ ನೆಲಕ್ಕೆ ತಗ್ಗಿಸಿ ಅವಳ ಕಡೆಗೇ ತೋರಿಸುತ್ತಾ, ಎಡಗೈಯಲ್ಲಿ ಲೈನನ್ನು ಚೂರು ಚೂರೇ ಎಳೆಯುತ್ತೇನೆ. ಅವಳಿಗೆ ಮನಸ್ಸು ಬಂದಾಗ ತುದಿಯನ್ನು ಮೆಲ್ಲಗೆ ಬಿಗಿ ಹಿಡಿಯುತ್ತಾಳೆ. ಆಗ ನಾನು ರಾಡ್ ಎತ್ತದೆ, ಎಡಗೈಯಲ್ಲಿ ಲೈನನ್ನು ಮೊಳದುದ್ದ ಗಟ್ಟಿಯಾಗಿ ಹಿಂದಕ್ಕೆ ಎಳೆಯಬೇಕು. ರಾಡ್ ಒಂದಿಂಚು ಮೇಲೆದ್ದರೂ "ಅಪ್ಪಾ, ಔಟ್!" ಅಂತ ಕೂಗು. ಮೊದಲ ದಿನ ಹತ್ತಕ್ಕೆ ಒಂಬತ್ತು ಔಟ್. ಮೂರನೇ ವಾರಕ್ಕೆ ಹತ್ತಕ್ಕೆ ಒಂದು. ಇದಕ್ಕೆ ಸ್ಟ್ರಿಪ್ ಸ್ಟ್ರೈಕ್ ಅಂತ ಹೆಸರು. ಹೀಗೆ ಎಳೆದಾಗ ಗಾಳ ತಪ್ಪಿದರೂ ಫ್ಲೈ ಒಂದೆರಡು ಅಡಿ ಮಾತ್ರ ಮುಂದೆ ಸರಿಯುತ್ತದೆ. ಸೀಗಡಿ ಗಾಬರಿಯಿಂದ ಹಾರಿತು ಅಂತ ಮೀನು ಇನ್ನೊಮ್ಮೆ ಬಾಯಿ ಹಾಕುತ್ತದೆ.

ಮಾಲ್ಡೀವ್ಸ್‌ನವರೂ ನಮ್ಮ ಹಾಗೆಯೇ ಕೋಲಿನಲ್ಲಿ ಜರ್ಕು ಕೊಟ್ಟು ಟ್ಯೂನಾ ಮೀನನ್ನು ತಲೆ ಮೇಲಿಂದ ದೋಣಿಗೆ ಎಸೆಯುವವರು. ಅವರ ಗಾಳಕ್ಕೂ ಹಿಂಮುಳ್ಳಿಲ್ಲ, ಮೀನು ದೋಣಿಗೆ ಬೀಳುತ್ತಲೇ ತಾನೇ ಕಳಚಿಕೊಳ್ಳುತ್ತದೆ. ಅಂದರೆ ನನ್ನ ಜರ್ಕಿನಲ್ಲಿ ತಪ್ಪೇನಿರಲಿಲ್ಲ, ಜಾಗ ತಪ್ಪಿತ್ತು.

ಕಣ್ಣಿಗೆ ಪಾಠ ಶೃಂಗೇರಿಯಲ್ಲಿ

ಶೃಂಗೇರಿಯ ತುಂಗೆಯ ಮೆಟ್ಟಿಲು, ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆ, ಎರಡೂ ಕಡೆ ದೇವರ ಮೀನು, ಗಾಳದ ಯೋಚನೆಯೂ ಬೇಡ. ಆದರೆ ನೋಡುವುದನ್ನು ಕಲಿಯಲು ಇಂಥ ಶಾಲೆ ಬೇರೆಲ್ಲೂ ಇಲ್ಲ. ಪೋಲರಾಯ್ಡ್ ಕನ್ನಡಕ ಹಾಕಿ ಹೋಗಿ. ಮಂಡಕ್ಕಿ ಹಾಕುವವರ ಹತ್ತಿರ ನಿಲ್ಲಬೇಡಿ, ಅಲ್ಲಿ ಮೀನು ಯಾರಿಗಾದರೂ ಕಾಣುತ್ತದೆ. ಸ್ವಲ್ಪ ಆಚೆ, ಖಾಲಿ ಅನ್ನಿಸುವ ನೀರಿನ ಕಡೆ ನೋಡಿ. ನೀರಿನ ಮೈಯನ್ನು ನೋಡದೆ, ನೀರನ್ನು ತೂರಿ ತಳದ ಕಲ್ಲನ್ನು ನೋಡಿ. ಹಾಗೇ ಒಂದು ಕಲ್ಲಿನ ಮೇಲೆ ಕಣ್ಣು ನೆಟ್ಟಿರಿ, ಸ್ವಲ್ಪ ಹೊತ್ತಿಗೆ ಆ ಕಲ್ಲಿನ ಮೇಲೆ ಏನೋ ಹಾದು ಹೋಗುತ್ತದೆ. ತಲೆಯನ್ನು ಎಡಕ್ಕೆ ಬಲಕ್ಕೆ ವಾಲಿಸಿದರೆ ಕನ್ನಡಕ ಹೊಳಪನ್ನು ಒಂದು ಕಡೆ ಚೆನ್ನಾಗಿ ಕತ್ತರಿಸುತ್ತದೆ, ಆ ಕೋನ ಹುಡುಕಿಕೊಳ್ಳಿ.

ಸಮುದ್ರದಲ್ಲೂ ಅದೇ. ಸೂರ್ಯ ಬೆನ್ನಿಗೆ ಇರುವ ಹಾಗೆ ನಡೆಯಿರಿ. ಪೂರ್ತಿ ಮೀನನ್ನು ಹುಡುಕಬೇಡಿ, ಅದು ಕಾಣುವುದಿಲ್ಲ. ಬಿಳಿ ಮರಳಿನ ಮೇಲೆ ನೆರಳು ಕಾಣುತ್ತದೆ, ನೆರಳಿನ ಸ್ವಲ್ಪ ಮೇಲೆ ಮೀನು. ಹಸಿರು ಬೂದು ಗೆರೆಯೊಂದು ಜಾಗ ಬದಲಿಸಿದರೆ ಅದು ಮೀನು, ಬದಲಿಸದಿದ್ದರೆ ಹುಲ್ಲು. ತಳ ಕೆದಕಿದಾಗ ಏಳುವ ಹಾಲಿನಂಥ ಬಗ್ಗಡ, ಗಾಳಿಗೆ ವಿರುದ್ಧವಾಗಿ ಅದುರುವ ನೀರಿನ ತುಣುಕು, ಅದಕ್ಕೂ ಮೀರಿದ ಭಾಗ್ಯ ಅಂದರೆ ಬಿಸಿಲಿಗೆ ಮಿಂಚುವ ಬಾಲ. ಮೂತಿ ಮರಳಲ್ಲಿ ಇಟ್ಟು ಮೇಯುವಾಗ ಬಾಲ ನೀರಿಂದ ಹೊರಗೆ ಬರುತ್ತದೆ. ನಾನು ಮೊದಲ ಸಲ ಅದನ್ನು ನೋಡಿದಾಗ ಎಸೆಯುವುದನ್ನೇ ಮರೆತು ನಿಂತಿದ್ದೆ. ಮರಳಿನ ಮೇಲೆ ತೊರಕೆ ಹೋಗುತ್ತಿದ್ದರೆ ಅದರ ಹಿಂದೆ ಮುಂದೆ ನೋಡಿ, ಅದು ಎಬ್ಬಿಸಿದ್ದನ್ನು ತಿನ್ನಲು ಟ್ರೆವಲ್ಲಿ ಜೊತೆಗೇ ಇರುತ್ತದೆ. ಗದ್ದೆ ಉಳುವವನ ಹಿಂದೆ ಕೊಕ್ಕರೆ ಬರುವ ಹಾಗೆ.

ಗೈಡ್ ಇದ್ದರೆ ದಿಕ್ಕನ್ನು ಗಡಿಯಾರದ ಲೆಕ್ಕದಲ್ಲಿ ಹೇಳುತ್ತಾನೆ. ದೋಣಿಯ ಮೂತಿ 12 ಗಂಟೆ, ಬಲಗೈ ಕಡೆ 3, ಎಡಗೈ ಕಡೆ 9. ಮೊದಲ ದಿನ ಅವನು "ಎರಡು ಗಂಟೆ, ಎರಡು ಗಂಟೆ" ಅಂತ ಪಿಸುಗುಟ್ಟಿದಾಗ ನಾನು ವಾಚ್ ನೋಡಿ "ಇನ್ನೂ ಹತ್ತೂವರೆ" ಅಂದಿದ್ದೆ.

ಎಸೆದ ಮೇಲೆ

ನಡೆಯುವಾಗಲೇ ತಯಾರಿರಬೇಕು. ರೀಲಿನಿಂದ 50 ಅಡಿ ಲೈನು ಬಿಚ್ಚಿ ಹಿಂದೆ ನೀರಲ್ಲಿ ತೇಲಲು ಬಿಟ್ಟಿರಿ, ಹತ್ತಡಿ ಲೈನು ರಾಡಿನ ತುದಿಯಿಂದ ಹೊರಗೆ, ಫ್ಲೈ ಎಡಗೈ ಬೆರಳಲ್ಲಿ. ಮೀನು ಕಂಡ ಐದಾರು ಸೆಕೆಂಡಿನಲ್ಲಿ ಫ್ಲೈ ನೀರಲ್ಲಿ ಇರಬೇಕು.

ಎಲ್ಲಿಗೆ ಎಸೆಯಬೇಕು? ಮೀನಿನ ತಲೆ ಮೇಲಂತೂ ಅಲ್ಲ. ಅದು ಹೋಗುವ ದಾರಿಯಲ್ಲಿ ಆರರಿಂದ ಹತ್ತು ಅಡಿ ಮುಂದೆ. ಪಾದ ಮುಳುಗುವ ನೀರಲ್ಲಿ, ಗಾಳಿ ಇಲ್ಲದ ದಿನ ಇನ್ನೂ ದೂರ, ಗಾಳಿಗೆ ನೀರು ಕುಣಿಯುತ್ತಿದ್ದರೆ ಸ್ವಲ್ಪ ಹತ್ತಿರ. ಲೈನು ಮೀನಿನ ಬೆನ್ನ ಮೇಲೆ ಬಿದ್ದರೆ ಮುಗಿಯಿತು, ಇಡೀ ಹಿಂಡು ಓಡುತ್ತದೆ. ಇನ್ನೊಂದು, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ: ಎಳೆಯುವಾಗ ಫ್ಲೈ ಮೀನಿನಿಂದ ದೂರ ಹೋಗಬೇಕು, ಅದರ ಕಡೆಗೆ ಬರಬಾರದು. ಇಲಿ ಬೆಕ್ಕಿನ ಕಡೆಗೆ ಓಡಿ ಬರುತ್ತದಾ? ಬಂದರೆ ಬೆಕ್ಕೇ ಹೆದರುತ್ತದೆ. ಮೀನು ನಿಮ್ಮ ಕಡೆ ಬರುತ್ತಿದ್ದರೆ, ಅಥವಾ ಅಡ್ಡ ಹೋಗುತ್ತಿದ್ದರೆ ಎಸೆಯಿರಿ. ಬೆನ್ನು ಹಾಕಿ ಹೋಗುತ್ತಿದ್ದರೆ ಬಿಟ್ಟುಬಿಡಿ, ಅಥವಾ ದೊಡ್ಡ ಸುತ್ತು ಹಾಕಿ ಅದರ ಮುಂದಕ್ಕೆ ಹೋಗಿ.

ಫ್ಲೈ ತಳ ಮುಟ್ಟಲಿ. ಮೀನು ನಾಲ್ಕೈದು ಅಡಿ ಹತ್ತಿರ ಬಂದಾಗ ಒಂದು ಸಣ್ಣ ಎಳೆತ, ಗೇಣಿನಷ್ಟು. ಮೀನು ತಿರುಗಿ ನೋಡಿ ವೇಗ ಹೆಚ್ಚಿಸಿದರೆ ಕಂಡಿದೆ ಅಂತ. ಮೆಲ್ಲಗೆ ಇನ್ನೊಂದು. ಹಿಂಬಾಲಿಸುತ್ತಿದೆಯೋ, ಎಳೆಯುತ್ತಿರಿ. ತಲೆ ತಗ್ಗಿಸಿ ಬಾಲ ಮೇಲೆ ಮಾಡಿ ಮೈ ನಡುಗಿಸಿದರೆ ಬಾಯಿಗೆ ಹಾಕಿಕೊಂಡಿದೆ. ಈಗ ತುಳಸಿಕಟ್ಟೆ ನೆನಪಿಸಿಕೊಳ್ಳಿ. ರಾಡ್ ಕೆಳಗೆ, ಎಡಗೈಯಲ್ಲಿ ಉದ್ದ ಎಳೆತ. ಟ್ರೆವಲ್ಲಿಗೆ ಮಾತ್ರ ಈ ನಾಜೂಕು ಬೇಡ. ಎರಡು ಕೈಯಲ್ಲೂ ದಬದಬ ಎಳೆಯಿರಿ, ಎಷ್ಟು ವೇಗ ಎಳೆದರೂ ಅದಕ್ಕೆ ಕಡಿಮೆಯೇ.

ಕಚ್ಚಿದ ತಕ್ಷಣ ಮೀನು ಓಡುತ್ತದೆ. ಮೀನನ್ನು ನೋಡಬೇಡಿ! ಕಾಲ ಬುಡದಲ್ಲಿ ತೇಲುತ್ತಿರುವ ಸಡಿಲ ಲೈನನ್ನು ನೋಡಿ. ಎಡಗೈ ಹೆಬ್ಬೆರಳು ತೋರುಬೆರಳಲ್ಲಿ ಉಂಗುರ ಮಾಡಿ ಲೈನು ಅದರೊಳಗೆ ಹಾದು ಹೋಗಲಿ. ಅದು ರೀಲಿನ ಹಿಡಿಗೋ, ಅಂಗಿ ಗುಂಡಿಗೋ ಸುತ್ತಿಕೊಂಡರೆ ಟಪ್ ಅಂತ ತುಂಡು. ಸಡಿಲ ಲೈನು ಮುಗಿದು ರೀಲು ತಿರುಗಲು ಶುರುವಾದ ಮೇಲೆ ರಾಡನ್ನು ಎರಡು ಕೈಯಲ್ಲಿ ಮೇಲೆ ಎತ್ತಿ ಹಿಡಿಯಿರಿ, ದಾರ ಹವಳದ ಗುಪ್ಪೆಗಳಿಗೆ ತಾಗದಿರಲಿ. ಈಗ ಎತ್ತಬಹುದು, ಮನಸಾರೆ ಎತ್ತಿ. ಓಡುವಾಗ ರೀಲಿನ ಹಿಡಿ ಮುಟ್ಟಬೇಡಿ, ಬೆರಳಿನ ಗಂಟಿಗೆ ಹೊಡೆದು ನೀಲಿ ಮಾಡುತ್ತದೆ. ನಿಂತಾಗ ಸುತ್ತಿ, ಓಡಿದಾಗ ಬಿಡಿ. ಎರಡು ಮೂರು ಓಟ ಆದ ಮೇಲೆ ಸುತ್ತು ಹಾಕುತ್ತಾ ಹತ್ತಿರ ಬರುತ್ತದೆ.

ಬಿಡಿಸುವಾಗ ಕೈ ಒದ್ದೆ ಇರಲಿ, ಮೀನು ನೀರಲ್ಲೇ ಇರಲಿ. ಫೋಟೋ ಬೇಕಾದರೆ ಕ್ಯಾಮೆರಾ ಮೊದಲು ತಯಾರು ಮಾಡಿ, ಆಮೇಲೆ ಒಂದು ಕ್ಷಣ ಎತ್ತಿ ವಾಪಸ್ ನೀರಿಗೆ. ಹೊಟ್ಟೆ ಕೆಳಗೆ ಕೈ ಕೊಟ್ಟು ಹಿಡಿದಿರಿ, ತಾನಾಗಿ ಬಾಲ ಬೀಸಿದಾಗ ಬಿಡಿ. ಸುತ್ತ ಮರಿ ಶಾರ್ಕ್ ಇದ್ದರೆ ಸುಸ್ತಾದ ಮೀನನ್ನು ಬಿಡಬೇಡಿ, ಆಚೆ ನಡೆದು ಬಿಡಿ. ಟ್ರಿಗರ್ ಮೀನಿನ ಬಾಯಿಗೆ ಬೆರಳು ಕೊಡಬೇಡಿ. ಹವಳ ಕಡಿಯುವ ಹಲ್ಲು ಅದಕ್ಕೆ.

ಕಾಲು, ಬಿಸಿಲು, ನೀರು

ಇಂಬಳಕ್ಕೆ (ಜಿಗಣೆಗೆ) ಉಪ್ಪು ಹಚ್ಚಿಕೊಂಡು ತಿರುಗುವ ನಮಗೆ ಅಪಾಯ ಹೊಸದಲ್ಲ, ಅಲ್ಲಿಯದು ಬೇರೆ ತರಹದ್ದು ಅಷ್ಟೇ. ಗಟ್ಟಿ ಅಟ್ಟೆಯ ಬೂಟು ಬೇಕು, ಹವಾಯಿ ಚಪ್ಪಲಿ ನಡೆಯುವುದಿಲ್ಲ. ಪಾದ ಎತ್ತಿಡದೆ ಮರಳಲ್ಲಿ ಎಳೆದುಕೊಂಡು ನಡೆಯಿರಿ, ಹುದುಗಿದ ತೊರಕೆ ಸದ್ದಿಗೆ ತಾನೇ ಎದ್ದು ಹೋಗುತ್ತದೆ. ಕಲ್ಲು ಮೀನು ಮಾತ್ರ ಏಳುವುದಿಲ್ಲ, ಹೆಸರಿನ ಹಾಗೇ ಕಲ್ಲಾಗಿ ಬಿದ್ದಿರುತ್ತದೆ, ಬೆನ್ನ ಮುಳ್ಳಿನಲ್ಲಿ ವಿಷ. ಆದ್ದರಿಂದ ಹವಳದ ಚೂರುಗಳ ಮೇಲೆ ಕಾಲಿಡುವಾಗ ನೋಡಿ ಇಡಿ. ಚುಚ್ಚಿದರೆ ಆ ಭಾಗವನ್ನು ತಡೆಯುವಷ್ಟು ಬಿಸಿ, ಸುಮಾರು 45 ಡಿಗ್ರಿ ನೀರಲ್ಲಿ ಮುಳುಗಿಸಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಜೀವಂತ ಹವಳವನ್ನು ತುಳಿಯಲೇ ಬೇಡಿ. ಅದು ಸಾಯುತ್ತದೆ, ನಿಮ್ಮ ಕಾಲಿನ ಗಾಯವೂ ಬೇಗ ಮಾಯುವುದಿಲ್ಲ.

ನೀರು ಏರುವಾಗ ಮೀನಿನ ಹಿಂದೆ ಹೋಗಿ ಹೋಗಿ, ಹಿಂತಿರುಗಿ ನೋಡಿದರೆ ಬಂದ ದಾರಿಯೇ ಮುಳುಗಿರುತ್ತದೆ. ಮಧ್ಯದಲ್ಲಿ ಆಳದ ಕಾಲುವೆ ದಾಟಿ ಹೋಗಿದ್ದರೆ ಇನ್ನೂ ಕಷ್ಟ, ಅಲ್ಲಿ ಸೆಳೆತ ಜೋರು. ಹೊರಡುವಾಗಲೇ ವಾಪಸ್ ಬರುವ ಗಂಟೆ ನಿಗದಿ ಮಾಡಿ, ದಡದಲ್ಲಿ ಇರುವವರಿಗೆ ಹೇಳಿ. ಗಾಳಿ ತಂಪಾಗಿ ಇರುವುದರಿಂದ ಸುಡುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಉದ್ದ ತೋಳಿನ ಅಂಗಿ, ಮುಖಕ್ಕೆ ಬಟ್ಟೆ, ಕಿವಿಗೂ ಪಾದದ ಮೇಲ್ಭಾಗಕ್ಕೂ ಎಸ್‌ಪಿಎಫ್ 50 ಕ್ರೀಮು. ಕ್ರೀಮು ಹಚ್ಚಿದ ಕೈಯನ್ನು ತೊಳೆಯದೆ ಫ್ಲೈ ಮುಟ್ಟಬೇಡಿ. ಎರಡು ಲೀಟರ್ ನೀರು ಬೆನ್ನಿಗಿರಲಿ. ನಾನು ಜೊತೆಗೆ ಕೋಡುಬಳೆ ಒಯ್ಯುತ್ತೇನೆ, ಉಪ್ಪಿಗೆ ಉಪ್ಪು, ಹೊಟ್ಟೆಗೆ ಹೊಟ್ಟೆ.

ಮನೆಗೆ ಬಂದ ಮೇಲೆ

ಪ್ರತಿ ಸಂಜೆ ರಾಡ್, ರೀಲು, ಇಕ್ಕಳ, ಬೂಟು ಎಲ್ಲವನ್ನೂ ಸಿಹಿನೀರಲ್ಲಿ ತೊಳೆಯಬೇಕು. ಜೋರು ನಲ್ಲಿಯ ಕೆಳಗೆ ರೀಲು ಹಿಡಿಯಬೇಡಿ, ಉಪ್ಪು ಒಳಗೆ ನುಗ್ಗುತ್ತದೆ. ಬಕೆಟ್‌ನಲ್ಲಿ ಅದ್ದಿ, ಮೆಲ್ಲಗೆ ಸುರಿದು ಒರೆಸಿ. ಬಳಸಿದ ಫ್ಲೈಯನ್ನು ತೊಳೆದು ಒಣಗುವವರೆಗೆ ಟೋಪಿಗೆ ಚುಚ್ಚಿಡಿ. ಒದ್ದೆಯದನ್ನು ಒಂದೇ ಒಂದು ನಾನು ಡಬ್ಬಿಯೊಳಗೆ ಹಾಕಿದ್ದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ತೆಗೆದು ನೋಡಿದರೆ ಇಪ್ಪತ್ತು ಫ್ಲೈಗೂ ತುಕ್ಕು, ಡಬ್ಬಿಯ ಬಟ್ಟೆಗೆ ಬೂಸಲು.

ನಮ್ಮ ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿ, ಪುಸ್ತಕ ಯಾವುದಕ್ಕೂ ಬೂಸಲು ತಪ್ಪಿದ್ದಲ್ಲ ಅಂತ ಗೊತ್ತೇ ಇದೆ. ರಾಡನ್ನು ಒದ್ದೆ ಚೀಲದಲ್ಲಿ ಇಡಬೇಡಿ. ರೀಲಿನಿಂದ ಲೈನನ್ನು ಬಿಚ್ಚಿ ಬಕೆಟ್ಟಿನ ಸೋಪುನೀರಲ್ಲಿ ತೊಳೆದು, ಬ್ಯಾಕಿಂಗ್ ದಾರವನ್ನೂ ಒಣಗಿಸಿ, ಆಮೇಲೆ ಸುತ್ತಿ. ಬಚ್ಚಲು ಒಲೆಯ ಮೇಲಿನ ಅಟ್ಟ ಬೆಚ್ಚಗೆ ಇದೆ ಅಂತ ಅಲ್ಲಿ ಇಡುವ ಮನಸ್ಸಾಗುತ್ತದೆ, ಬೇಡ, ಹೊಗೆಗೂ ಶಾಖಕ್ಕೂ ಲೈನಿನ ಮೇಲಿನ ಪದರ ಒಡೆಯುತ್ತದೆ. ಗಾಳಿ ಹೋಗದ ಸ್ಟೀಲ್ ಡಬ್ಬಿಗೆ ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ನಾಲ್ಕು ಹಾಕಿ, ರೀಲಿನ ಬ್ರೇಕನ್ನು ಪೂರ್ತಿ ಸಡಿಲ ಮಾಡಿ ಅದರೊಳಗೆ ಇಡಿ.